ನಂಗ ಗಂಟ್ಲಿಲ್ಲ ಅನ್ನೂ ಮಾತು

ನಮ್ಮ ಕೊಳ್ಳೇಗಾಲದ ಕಡೆ ಹೆಂಗಸರು ಈಗೊಂದು ಹತ್ತಿಪ್ಪತ್ತು ವರ್ಷದಿಂದ ಒಂದು ಮಾತು ಕಲ್ತುಕೊಂಡಿದ್ದಾರೆ. ಮದುವೆ ಮನೆಯಲ್ಲೋ, ತೊಟ್ಟಿಲು ಶಾಸ್ತ್ರದಲ್ಲೋ "ಒಂದು ಪದ ಹೇಳವ್ವ" ಅಂದ್ರೆ ಸಾಕು, "ಅಯ್ಯೋ, ನಂಗ ಗಂಟ್ಲಿಲ್ಲ ಕನವ್ವ" ಅಂದ್ಬುಡ್ತಾರೆ. ಬೀದಿಯ ಆ ತುದಿಯಲ್ಲಿ ಆಡ್ತಿರೋ ಮೊಮ್ಮಗನ್ನ ಈ ತುದಿಯಲ್ಲಿ ನಿಂತು ಕೂಗಿ ಕರೆಯೋಳಿಗೆ ಗಂಟಲಿಲ್ಲ! ನಲ್ಲಿ ನೀರಿನ ಜಗಳದಲ್ಲಿ ನಾಕು ಮನೆಯವರನ್ನ ಒಬ್ಬಳೇ ಬಾಯಿ ಮುಚ್ಚಿಸೋಳಿಗೆ ಗಂಟಲಿಲ್ಲ! ಈ ಮಾತು ಕೇಳಿದಾಗೆಲ್ಲ ನನಗೆ ವಸಿ ಸಿಟ್ಟೇ ಬರ್ತದೆ. ಗಂಟಲು ಎಲ್ಲರಿಗೂ ಇದೆ. ಅದನ್ನ ಬಿಡೋ ಧೈರ್ಯ ಹೋಗಿದೆ. ಯಾಕೆ ಹೋಯ್ತು ಅಂತ ಇವತ್ತು ಬರೀತೀನಿ, ಒಪ್ಪೋದು ಬಿಡೋದು ನಿಮಗೆ ಸೇರಿದ್ದು.

ಮೊದಲು ನಮ್ಮ ಮಾತನ್ನೇ ಗಮನಿಸಿ. ನಮ್ಮ ಕಡೆ ಹಳೆಬರು ಪದ ಹಾಡೂದಿಲ್ಲ, ಪದ ಹೇಳ್ತಾರೆ. "ಸೋಬಾನ ಹೇಳು", "ಮಾದಪ್ಪನ ಕತೆ ಮಾಡು" ಅಂತಾರೆ. ಹಾಡು ಅಂದ ಕೂಡ್ಲೇ ಗಂಟಲು ಸಣ್ಣಗಿರಬೇಕು, ಶ್ರುತಿ ತಪ್ಪಬಾರದು, ಎದುರಿಗೆ ಕುಂತೋರು ಚಪ್ಪಾಳೆ ಹೊಡೀಬೇಕು. ಹೇಳು ಅಂದ್ರೆ ಹಂಗಲ್ಲ. ಹೇಳೋಕೆ ಒಂದು ವಿಷಯ ಇರಬೇಕು, ಹೇಳಿಸಿಕೊಳ್ಳೋಕೆ ಒಂದು ಜೀವ ಇರಬೇಕು, ಅಷ್ಟೇ. ಯಾರಾದರೂ ಮಾತಾಡುವಾಗ "ನಿನ್ನ ಧ್ವನಿ ಚೆನ್ನಾಗಿಲ್ಲ, ಸುಮ್ನಿರು" ಅಂತೀವಾ? ಪದವೂ ಅಂಥದೇ. ಟಿ.ವಿ.ಯಲ್ಲಿ ಆ ಹಾಡಿನ ಸ್ಪರ್ಧೆಗಳು ಶುರುವಾಗಿ, ಐದು ವರ್ಷದ ಕೂಸಿಗೂ ಮೂರು ಜನ ಕುಂತು ನಂಬರು ಕೊಡೂದನ್ನ ನೋಡಿ ನೋಡಿ, ನಾವೂ ಅಡುಗೆಮನೆಯಲ್ಲಿ ನಮಗೆ ನಾವೇ ನಂಬರು ಹಾಕಿಕೊಳ್ಳೋಕೆ ಶುರುಮಾಡಿದೊ. ಅಲ್ಲೇ ಗಂಟಲು ಕಟ್ಟಿದ್ದು.

ಹಂಗೆ ನೋಡಿದ್ರೆ ಮನುಷ್ಯರ ಗಂಟಲು ಸಂಗೀತ ಆಗೋದಕ್ಕೆ ಪದವೂ ಬೇಡ. ನನ್ನ ತವರು ಯಳಂದೂರು ಪಕ್ಕದ ಒಂದು ಹಳ್ಳಿ. ಸಂಜೆ ಹೊತ್ತು ನಮ್ಮಪ್ಪ ಹೊಳೆ ಕಡೆ ಮೇಯೋಕೆ ಹೋದ ಎಮ್ಮೆನ ಕರೀತಿದ್ದ ಕೂಗು ಒಂದು ರಾಗ. ಆ ಕೂಗು ಬೇರೆ ಯಾರ ಎಮ್ಮೆಗೂ ತಾಕ್ತಿರಲಿಲ್ಲ, ನಮ್ಮ ಎಮ್ಮೆ ಮಾತ್ರ ತಲೆ ಎತ್ತೋದು. ಮೊಸರು ಮಾರೋ ಅವ್ವ ಒಂದು ಥರ ಎಳೆದರೆ, ಸೊಪ್ಪಿನೋಳು ಇನ್ನೊಂದು ಥರ ಎಳೆದು ಕಡೆಗೆ ಥಟ್ಟನೆ ನಿಲ್ಲಿಸೋಳು. ಬಾಗಿಲು ತೆಗೆಯೋ ಮೊದಲೇ ಯಾರು ಬಂದವ್ರೆ ಅಂತ ಗೊತ್ತಾಗೋದು. ಶನಿವಾರ ಬಿಳಿಗಿರಿರಂಗನ ದಾಸಯ್ಯ ಶಂಖ ಊದಿ, ಜಾಗಟೆ ಬಡಿದು, ಆಮೇಲೆ ಗೋವಿಂದನ್ನ ಕೂಗಿದ್ರೆ ನಾವು ಮಕ್ಕಳು ಮೊರದಲ್ಲಿ ರಾಗಿ ತಕ್ಕಂಡು ಓಡ್ತಿದ್ದೊ. ಈಗ ನಮ್ಮ ಬೀದಿಗೆ ಬೆಳಗ್ಗೆ ಎಂಟಕ್ಕೆ ಆಟೋ ಬರ್ತದೆ. ಅದರ ತಲೆ ಮೇಲೆ ಸ್ಪೀಕರು. ಅದರೊಳಗೆ ಯಾವನೋ ಒಬ್ಬ ರೆಕಾರ್ಡು ಮಾಡಿಟ್ಟ ಈರುಳ್ಳಿ ರೇಟು. ಹನೂರಿನಲ್ಲಿ ನಮ್ಮಕ್ಕನ ಮನೆಗೆ ಹೋದ್ರೆ ಅಲ್ಲೂ ಅದೇ ಧ್ವನಿ, ಮೈಸೂರಿಗೆ ಹೋದ್ರೆ ಅಲ್ಲೂ ಅದೇ ಧ್ವನಿ. ಗಾಡಿಯಲ್ಲಿ ಕುಂತಿರೋ ಹುಡುಗ ಬಾಯಿ ಮುಚ್ಚಿಕೊಂಡು ಮೊಬೈಲು ನೋಡ್ತಿರ್ತಾನೆ. ಅವನ ಗಂಟಲು ಹೆಂಗದೆ ಅಂತ ನಮಗೆ ಗೊತ್ತೇ ಇಲ್ಲ. ದಿನಾ ಕೂಗಿ ಕೂಗಿ ನೋವಾಗೂದು ತಪ್ಪಿತಲ್ಲ, ಅದಕ್ಕೆ ನನ್ನ ತಕರಾರಿಲ್ಲ. ಆದರೂ ಬೀದಿ ಮೂಕವಾಯ್ತು ಅನ್ನಿಸ್ತದೆ.

ಹಳೇದೆಲ್ಲ ಚೆನ್ನಾಗಿತ್ತು ಅಂತ ಹೇಳೋಕೆ ನಾನು ಕುಂತಿಲ್ಲ, ತಪ್ಪು ತಿಳೀಬೇಡಿ. ಬೀಸೋ ಕಲ್ಲಿನ ಪದ ಎಷ್ಟು ಚೆಂದ ಅಂತ ಪುಸ್ತಕದಲ್ಲಿ ಬರೀತಾರೆ. ಬೀಸಿದೋರನ್ನ ಕೇಳಿ. ನಮ್ಮತ್ತೆ ಕೋಳಿ ಕೂಗೋಕೆ ಮೊದಲೇ ಎದ್ದು ಹನ್ನೊಂದು ಜನದ ಹಟ್ಟಿಗೆ ರಾಗಿ ಬೀಸ್ತಿದ್ದರು. ತೋಳು ಸೋತು ಬಿದ್ದೋಗ್ತಾವೆ ಅಂತಲೇ ಪದ ಹೇಳ್ತಿದ್ದರು, ಬೆಳಗಿನ ಸೊಬಗಿಗಲ್ಲ. ಹಿಟ್ಟಿನ ಗಿರಣಿ ಬಂದ ದಿನ ಅವರು ಗಿರಣಿಗೆ ಕೈ ಮುಗಿದ್ರಂತೆ. ನಾನಾದರೂ ಮುಗೀತಿದ್ದೆ. ಆದರೆ ಅವರು ಪದ ಬಿಡಲಿಲ್ಲ. ಕಲ್ಲು ಹೋದ ಮೇಲೆ ಅವರೆಕಾಯಿ ಸುಲಿಯುವಾಗ ಹೇಳಿದ್ರು, ರೇಷ್ಮೆ ಹುಳಕ್ಕೆ ಸೊಪ್ಪು ಹಾಕುವಾಗ ಹೇಳಿದ್ರು. ಆಮೇಲೆ ಹಟ್ಟಿಗೆ ರೇಡಿಯೋ ಬಂತು, ಮೈಸೂರು ಆಕಾಶವಾಣಿ ಬೆಳಗಿಂದ ಸಂಜೆವರೆಗೂ ಹಾಡ್ತಿತ್ತು. ಅದೂ ನಮ್ಮ ಬಾಯಿ ಮುಚ್ಚಿಸಲಿಲ್ಲ. ಯಾಕಂದ್ರೆ ಅದರ ಧ್ವನಿ ನಮ್ಮ ಧ್ವನಿಗಿಂತ ಸಣ್ಣದಿತ್ತು. ಅದು ಹೇಳ್ತಿದ್ರೆ ನಾವೂ ಜೊತೆಗೆ ಗುನುಗೋಕೆ ಜಾಗ ಇತ್ತು.

ಆ ಪದಗಳಲ್ಲಿ ಏನಿತ್ತು ಅಂತ ಈಗಿನ ಹುಡುಗೀರಿಗೆ ಹೇಳಬೇಕು. ನಮ್ಮಕ್ಕನ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ತಿಳುವಳಿಕಸ್ತೆ. ಅವಳು ಒಂದು ದಿನ ಅಂದ್ಲು, "ಚಿಕ್ಕವ್ವ, ಆ ಸೋಬಾನದಲ್ಲಿ ಯಾನದ? ಗಂಡನ್ ಹಟ್ಟೀಲಿ ತಗ್ಗಿ ಬಗ್ಗಿ ಇರು ಅಂತ ತಾನೆ?" ಅರ್ಧ ನಿಜ. ತಗ್ಗಿ ಬಗ್ಗಿ ನಡಿ ಅನ್ನೋ ಪದಗಳು ಬೇಕಾದಷ್ಟವೆ. ಆದರೆ ಇನ್ನರ್ಧ ಅವಳಿಗೆ ಗೊತ್ತಿಲ್ಲ, ಕೇಳಿಲ್ಲ. ಬೀಗಿತ್ತಿಯನ್ನ ಹಂಗಿಸೋ ಪದಗಳಿದ್ದೊ. ಬೀಗರು ತಂದ ಸೀರೆ ಜಾಳು, ಬೀಗಿತ್ತಿ ಮೂಗು ದಪ್ಪ, ಗಂಡಿನ ಕಡೆಯೋರು ಹೊಟ್ಟೆಬಾಕರು ಅಂತ ಅವರ ಮುಖಕ್ಕೇ ಹೇಳೂದು. ಮಾತಲ್ಲಿ ಅಂದಿದ್ರೆ ಮದುವೆ ಮುರಿದು ಬೀಳೋದು. ಪದದಲ್ಲಿ ಅಂದ್ರೆ ಅವರೂ ನಕ್ಕು, ತಿರುಗಿ ನಾಕು ಅಂತಿದ್ದರು. ನಮ್ಮತ್ತೆ ಅವರತ್ತೆ ಎದುರಿಗೆ ಒಂದು ದಿನಾನೂ ಬಾಯಿ ತೆಗೆದೋರಲ್ಲ. ಆದರೆ ಬೀಸುವಾಗ ತವರಿಂದ ಅಣ್ಣ ಕರೆಯೋಕೆ ಬರಲಿಲ್ಲ, ಹಬ್ಬಕ್ಕೆ ಕಳಿಸಲಿಲ್ಲ, ಉಂಡೆಯಾ ಅಂತ ಕೇಳೋರಿಲ್ಲ ಅಂತ ಹಟ್ಟಿಯೆಲ್ಲ ಕೇಳೋ ಹಂಗೆ ಹೇಳ್ತಿದ್ದರಂತೆ. ಒಳಗೆ ಮಲಗಿದ್ದ ಅತ್ತೆಗೂ ಕೇಳ್ತಿತ್ತು, ಗಂಡನಿಗೂ ಕೇಳ್ತಿತ್ತು. "ಪದ ಕನವ್ವ ಅದು, ನಾ ಯೋಳಿದ್ದಲ್ಲ" ಅಂತ ಜಾರಿಕೊಳ್ಳಬಹುದಿತ್ತು. ಹೆಣ್ಣು ಗಂಟಲೆತ್ತಬಾರದು ಅಂತಿದ್ದ ಕಾಲದಲ್ಲಿ ಗಂಟಲೆತ್ತೋಕೆ ಇದ್ದ ಬಾಗಿಲು ಅದೊಂದೇ.

ನಮ್ಮ ಯಳಂದೂರಿನ ಸಂಚಿ ಹೊನ್ನಮ್ಮನ್ನೇ ನೋಡಿ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆ ಸಂಚಿ ಹಿಡೀತಿದ್ದ ಹೆಣ್ಣುಮಗಳು, ಮುನ್ನೂರು ವರ್ಷದ ಹಿಂದೆ "ಹದಿಬದೆಯ ಧರ್ಮ" ಬರೆದಳು. ಪಿ.ಯು.ಸಿ.ಯಲ್ಲಿ ನಮಗೆ ಅರ್ಥ, ಛಂದಸ್ಸು ಅಂತ ಹೇಳಿಕೊಟ್ಟರೇ ಹೊರತು ಅದು ಸಾಂಗತ್ಯ, ಅಂದ್ರೆ ಹಾಡೋದಕ್ಕೇ ಕಟ್ಟಿದ್ದು ಅಂತ ಯಾರೂ ಹಾಡಿ ತೋರಿಸಲಿಲ್ಲ. ಆಯಮ್ಮ ಹೆಂಡತಿಯ ಧರ್ಮ ಹೇಳ್ತಾ ಹೇಳ್ತಾನೇ ಹೆಣ್ಣನ್ನ ಯಾಕಪ್ಪ ಹೀನಾಯ ಮಾಡ್ತೀರಿ ಅಂತಲೂ ಕೇಳಿಬಿಟ್ಟಳು. ಅದೇ ಬೀಸೋ ಕಲ್ಲಿನ ಜಾಣತನ. ಮುಂದೆ ತಗ್ಗಿದ ಹಂಗೆ ಕಾಣ್ತದೆ, ನಡುವೆ ಎಲ್ಲೋ ಒಂದು ಕಡೆ ಚುಚ್ಚಿರ್ತದೆ.

ಇನ್ನು ಗಂಡಸರ ಗಂಟಲಿಗೆ ಬಂದ್ರೆ ನಮ್ಮ ಮೂರು ತಾಲ್ಲೂಕಿಗೆ ಸರಿಸಾಟಿ ಇಲ್ಲ ಅಂತ ಹೇಳೋಕೆ ನನಗೆ ಸಂಕೋಚ ಇಲ್ಲ. ಮಾದಪ್ಪನ ದೇವರಗುಡ್ಡರು ಕಂಸಾಳೆ ಹಿಡಿದು, ಮಂಟೇದಯ್ಯ ಸಿದ್ದಪ್ಪಾಜಿಯ ನೀಲಗಾರರು ತಂಬೂರಿ ಹಿಡಿದು, ಇಡೀ ರಾತ್ರಿ ಕತೆ ಮಾಡ್ತಾರೆ. ಮುಂದಿನೋನು ಒಂದು ಸಾಲು ಬಿಟ್ರೆ ಹಿಂದಿನೋರು ಎತ್ತಿಕೊಳ್ತಾರೆ. ಅದು ಸುಮ್ಮನೆ ಅಲಂಕಾರಕ್ಕಲ್ಲ. ಅಷ್ಟೊತ್ತಿಗೆ ಮುಂದಿನೋನು ಉಸಿರು ತಕ್ಕೋತಾನೆ, ಮುಂದಿನ ಸಾಲು ನೆನಪು ಮಾಡ್ಕೋತಾನೆ. ಪಿ.ಕೆ. ರಾಜಶೇಖರ ಅವರು 1973ರಲ್ಲಿ "ಮಲೆಯ ಮಾದೇಶ್ವರ" ಅಂತ ದಪ್ಪ ಪುಸ್ತಕ ಮಾಡಿದ್ರಲ್ಲ, ಅಷ್ಟೂ ಕತೆ ಹಿಂಗೆ ಗಂಟಲಲ್ಲೇ ನಿಂತಿದ್ದದ್ದು. ಚಿಕ್ಕಲ್ಲೂರು ಜಾತ್ರೆಯಲ್ಲಿ ಚಂದ್ರಮಂಡಲ ಹತ್ತಿಸಿದ ರಾತ್ರಿ, ಚಳಿಯಲ್ಲಿ ಕಂಬಳಿ ಹೊದ್ದು ಕುಂತು ಕೇಳಿದೋರಿಗೆ ಗೊತ್ತು. ಅಲ್ಲಿ ಎಲ್ಲರ ಗಂಟಲೂ ಒಡೆದಿರ್ತದೆ. ಒಡೆದ ಗಂಟಲಲ್ಲೇ ಸಂಕಮ್ಮನ ಸಾಲು ಬರಬೇಕು. ಜೇನು ಕೀಳೋಕೆ ಹೋಗೋ ನೀಲೇಗೌಡ ಹೆಂಡತಿ ಮೇಲೆ ಅನುಮಾನಪಟ್ಟು ಭಾಷೆ ಕೊಡು ಅಂತಾನೆ, ಸಂಕಮ್ಮ ಕೊಡೂದಿಲ್ಲ ಅಂತಾಳೆ, ಅವನು ಕೊಡಬಾರದ ಕಷ್ಟ ಕೊಡ್ತಾನೆ. ಮೀಸೆ ಹೊತ್ತ ಗಂಡಸು ಸಂಕಮ್ಮನಾಗಿ ಅಳುವಾಗ ನಮ್ಮ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ತಾರೆ. ಸಣ್ಣಗಿನ ಇಂಪಾದ ಗಂಟಲಲ್ಲಿ ಆ ಕತೆ ಹೇಳಿದ್ರೆ ನಾನಂತೂ ನಂಬೂದಿಲ್ಲ.

ಅಣ್ಣಾವ್ರೂ ನಮ್ಮ ಕಡೆಯೋರೇ ಅಲ್ವ, ಹೆಸರಲ್ಲೇ ಸಿಂಗಾನಲ್ಲೂರು ಅದೆ. "ಬೇಡರ ಕಣ್ಣಪ್ಪ" ಬಂದದ್ದು 1954ರಲ್ಲಿ. ಅವರು ಒಳ್ಳೆ ಹಾಡುಗಾರ ಅಂತ ನಾಡೇ ಒಪ್ಪಿದ್ದು 1974ರಲ್ಲಿ, "ಸಂಪತ್ತಿಗೆ ಸವಾಲ್"ನಲ್ಲಿ ಎಮ್ಮೆ ಮೇಲೆ ಕುಂತು ಹಾಡಿದ ಮೇಲೆ. ಇಪ್ಪತ್ತು ವರ್ಷ ಅಂಥ ಗಂಟಲನ್ನೇ ಪಕ್ಕಕ್ಕೆ ಇಟ್ಟಿದ್ದರು ಅಂದ ಮೇಲೆ ನಮ್ಮದನ್ನ ಯಾರಾದ್ರೂ ಚೆನ್ನಾಗಿಲ್ಲ ಅಂದ್ರೆ ಅಷ್ಟು ತಲೆ ಕೆಡಿಸಿಕೊಳ್ಳೋದು ಬೇಡ.

ಬೆಟ್ಟದ ಮೇಲಿನ ಸೋಲಿಗರ ಕತೆಯೇ ಬೇರೆ. ಬಿಳಿಗಿರಿರಂಗ ಅವರ ಹುಡುಗಿ ಕುಸುಮಾಲೆಯನ್ನ ಮದುವೆಯಾದ ಅಂತ ಅವರ ನಂಬಿಕೆ, ಅದಕ್ಕೆ ದೇವರನ್ನೇ ರಂಗಭಾವ ಅಂತ ಕರೀತಾರೆ. ಅವರು ಗೊರುಕನ ಹಾಡಿಕೊಂಡು ಸುತ್ತ ಹೆಜ್ಜೆ ಹಾಕುವಾಗ ನಾನೊಂದು ಸಲ ನೋಡಿದ್ದೀನಿ. ಯಾರು ಹಾಡುಗಾರರು, ಯಾರು ಕೇಳುಗರು ಅಂತ ನನಗೆ ಕಡೆವರೆಗೂ ಬಿಡಿಸೋಕಾಗಲಿಲ್ಲ. ಹಲ್ಲಿಲ್ಲದ ಅಜ್ಜಿಯೂ ಸಾಲಲ್ಲಿ, ಸೊಂಟದ ಮೇಲೆ ಕೂಸಿರೋ ತಾಯಿಯೂ ಸಾಲಲ್ಲಿ.

ಇಷ್ಟು ಹೊತ್ತು ನಮ್ಮೂರಿನದ್ದೇ ಆಯ್ತು. ಮೂರು ವರ್ಷದ ಹಿಂದೆ ನಮ್ಮ ಚಿಕ್ಕಮಗನ ಕೆಲಸದ ದೆಸೆಯಿಂದ ನಾವು ಕೊಚ್ಚಿಗೆ ಹೋಗಿದ್ದೊ. ಅಲ್ಲಿ ಮಟ್ಟಾಂಚೇರಿಯಲ್ಲಿ ಯಹೂದಿಗಳ ಹಳೇ ಪ್ರಾರ್ಥನಾ ಮಂದಿರ ಅದೆ, 1568ರಲ್ಲಿ ಕಟ್ಟಿದ್ದಂತೆ. ನೆಲಕ್ಕೆ ನೀಲಿ ಬಿಳಿ ಚೀನಾ ಹಂಚು, ಮೇಲೆ ಗಾಜಿನ ದೀಪಗಳ ಗೊಂಚಲು. ಎಲ್ಲ ನೋಡಿ ನಾನು ಮಗನನ್ನ ಕೇಳಿದೆ, "ಇಲ್ಲಿ ಗಂಟೆ ಎಲ್ಲಪ್ಪ? ತಮಟೆ, ಹಾರ್ಮೋನಿ, ಯಾನೂ ಇಲ್ವಲ್ಲ?" ಅವನು ಮೊಬೈಲಿನಲ್ಲಿ ಹುಡುಕಿ ಓದಿ ಹೇಳಿದ. ಕ್ರಿ.ಶ. 70ರಲ್ಲಿ ಜೆರುಸಲೇಮಿನ ಅವರ ದೊಡ್ಡ ದೇವಾಲಯವನ್ನ ರೋಮಿನವರು ಕೆಡವಿದರಂತೆ. ಅಲ್ಲಿ ವಾದ್ಯ ಬಾರಿಸ್ತಿದ್ದರು. ಆ ದುಃಖಕ್ಕೆ ಆಮೇಲೆ ಪೂಜೆಯಲ್ಲಿ ವಾದ್ಯ ಬಿಟ್ಟರು, ಗಂಟಲು ಉಳಿಸಿಕೊಂಡರು. ಈಗಲೂ ಸಂಪ್ರದಾಯಸ್ಥರು ಶನಿವಾರದ ಸಬ್ಬತ್ ದಿನ ಯಾವ ವಾದ್ಯಾನೂ ಮುಟ್ಟೂದಿಲ್ಲ. ಹಟ್ಟಿಯೋರೆಲ್ಲ ಊಟದ ಮೇಜಿನ ಸುತ್ತ ಕುಂತು ಬಾಯಲ್ಲೇ ಹಾಡಿಕೊಳ್ತಾರೆ. ಅಪ್ಪನ ಗಂಟಲು ಹೆಂಗಿದ್ರೂ ಅವನು ಹಾಡಲೇಬೇಕು. ಅವರಲ್ಲೇ ಒಂದು ಪಂಥದವರಿಗೆ ಮಾತೇ ಇಲ್ಲದ ರಾಗ ಬಲು ದೊಡ್ಡದಂತೆ. ನಮ್ಮೋರು ತಂದಾನ ತಾನ ಅಂತ ಎಳೀತಾರಲ್ಲ, ಹಂಗೆ ಬರೀ ಗುನುಗು. ಇನ್ನೊಂದು ವಿಷಯ ನನಗೆ ಬಹಳ ಹಿಡಿಸ್ತು. ಅವರ ಧರ್ಮಗ್ರಂಥದ ಚರ್ಮದ ಸುರುಳಿಯಲ್ಲಿ ಬರೀ ವ್ಯಂಜನ ಬರೆದಿರ್ತಾರೆ, ಸ್ವರದ ಗುರುತೂ ಇಲ್ಲ, ರಾಗದ ಗುರುತೂ ಇಲ್ಲ. ಓದೋನು ಅದನ್ನ ದೊಡ್ಡೋರಿಂದ ಕೇಳಿ ಬಾಯಿಪಾಠ ಮಾಡಿ ರಾಗವಾಗಿ ಓದಬೇಕು. ಅಂದ್ರೆ ಪುಸ್ತಕ ಅಲ್ಲಿದ್ರೂ ಗಂಟಲು ಸೇರೋವರೆಗೂ ಅದು ಅರ್ಧವೇ.

ಕೊಚ್ಚಿ ಕಡೆಯ ಯಹೂದಿ ಹೆಂಗಸರಿಗೆ ಮಲಯಾಳಂನಲ್ಲಿ ಅವರದ್ದೇ ಪದಗಳಿದ್ದೊ. ಮದುವೆಗೆ, ಹಬ್ಬಕ್ಕೆ, ಹೊಸ ಮಂದಿರ ಕಟ್ಟಿದಾಗ ಹೇಳೋ ಪದಗಳು. ಬೇರೆ ಕಡೆಯ ಕಟ್ಟುನಿಟ್ಟಿನ ಯಹೂದಿಗಳಲ್ಲಿ ಪರಪುರುಷರ ಎದುರಿಗೆ ಹೆಂಗಸು ಹಾಡಬಾರದು ಅಂತ ಅದೆ, ಇಲ್ಲಿ ಅದನ್ನ ಪಾಲಿಸಲಿಲ್ಲ, ಗಂಡಸರ ಎದುರಿಗೇ ಹೇಳ್ತಿದ್ದರು. ಹೆಂಗಸರು ಪದಗಳನ್ನ ಕೈಯಲ್ಲಿ ನೋಟ್‌ಬುಕ್ಕಿಗೆ ಬರಕೊಂಡು, ಮಗಳಿಗೆ ಮೊಮ್ಮಗಳಿಗೆ ದಾಟಿಸಿದರು. 1948ರಲ್ಲಿ ಇಸ್ರೇಲ್ ದೇಶ ಆದ ಮೇಲೆ ಹೆಚ್ಚು ಜನ ಅಲ್ಲಿಗೆ ಹೊರಟುಹೋದರು. ನೋಟ್‌ಬುಕ್ಕೂ ಹೋದೊ. ಆದರೆ ನೋಟ್‌ಬುಕ್ಕಿನಲ್ಲಿ ರಾಗ ಇರಲಿಲ್ಲವಲ್ಲ! ಮುದುಕಿಯರು ಸೇರಿ ಒಬ್ಬರಿಗೊಬ್ಬರು ನೆನಪು ಮಾಡಿಕೊಂಡು ಹೇಳಿದ ಮೇಲೇ ಅದು ಪದ ಆದದ್ದು. 2004ರಲ್ಲಿ ಜೆರುಸಲೇಮಿನಲ್ಲಿ ಅವರ ಪದಗಳ ಸಿ.ಡಿ. ಬಂತು. ಮಗ ಅದರಲ್ಲಿ ಒಂದೆರಡು ಕೇಳಿಸಿದ. ಮಾತು ನನಗೆ ಅರ್ಥವಾಗಲಿಲ್ಲ. ಗಂಟಲು ಗೊತ್ತಾಯ್ತು. ಒಬ್ಬಳು ಮುಂದೆ, ಇನ್ನೊಬ್ಬಳು ವಸಿ ಹಿಂದೆ, ಒಬ್ಬಳದು ಒಡಕು. ಥೇಟ್ ನಮ್ಮ ಚಪ್ಪರದ ಕೆಳಗಿನ ಹೆಂಗಸರು.

ಅದಕ್ಕೇ ನನಗೆ ಪುಸ್ತಕ, ಸಿ.ಡಿ., ಯೂಟ್ಯೂಬು ಅವೆ, ಪದ ಎಲ್ಲೂ ಹೋಗೂದಿಲ್ಲ ಅನ್ನೋ ಸಮಾಧಾನ ಸಾಲದು. ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ಟು ಕೇಳಿ ಬೆಳೆದೋಳು ನಾನು, ಅದರ ಉಪಕಾರ ಮರೆಯೋದಿಲ್ಲ. ಆದರೆ ಕ್ಯಾಸೆಟ್ಟಿಗೆ ನಮ್ಮ ಹಟ್ಟಿ ಮದುವಣಗಿತ್ತಿಯ ಹೆಸರು ಗೊತ್ತಿಲ್ಲ. ಸೋಬಾನದ ಪದದಲ್ಲಿ ಆ ಹುಡುಗಿ ಹೆಸರು, ಅವಳಪ್ಪನ ಹೆಸರು, ಸೋದರಮಾವನ ಹೆಸರು ಬರಬೇಕು. ಹೋದ ವರ್ಷ ತೀರಿಹೋದ ಅಜ್ಜಿಯ ಹೆಸರನ್ನೂ ಜಾಣೆಯಾದೋಳು ಎಲ್ಲಾದರೂ ತೂರಿಸ್ತಾಳೆ, ಆಗ ಚಪ್ಪರದಲ್ಲಿ ಒಂದು ಗಳಿಗೆ ಎಲ್ಲರೂ ಸುಮ್ಮನಾಗ್ತಾರೆ.

ಹೋದ ಮಾಘದಲ್ಲಿ ನಮ್ಮ ನೆಂಟರೊಬ್ಬರ ಹಟ್ಟಿಯ ಅರಿಸಿನ ಶಾಸ್ತ್ರಕ್ಕೆ ಹೋಗಿದ್ದೆ. ಡಿ.ಜೆ. ಅಂತೆ, ಆಳೆತ್ತರದ ನಾಕು ಪೆಟ್ಟಿಗೆ. ಎದೆಯೊಳಗೆ ಗುದ್ದಿದ ಹಂಗೆ ಆಗೋದು, ಒಂದು ಕೂಸು ಹೆದರಿ ಅತ್ತರೂ ತಾಯಿಗೆ ಕೇಳಿಸಲಿಲ್ಲ. ಮೂಲೆಯಲ್ಲಿ ಐದು ಜನ ಮುದುಕಿಯರು ಕುಂತಿದ್ದರು. ಐದೂ ಜನಕ್ಕೆ ಇಡೀ ರಾತ್ರಿ ಹೇಳೋಷ್ಟು ಪದ ಬರ್ತದೆ. ಒಬ್ಬಾಕೆ ಬಾಯಿ ಅಲ್ಲಾಡ್ತಿತ್ತು. ಹತ್ತಿರ ಹೋಗಿ ಕಿವಿ ಇಟ್ಟರೆ, ತನಗೇ ಕೇಳಿಸದಂಗೆ ಸೋಬಾನ ಹೇಳಿಕೊಳ್ತಿದ್ದಳು. "ಯಾಕವ್ವ ಇಷ್ಟು ಮೆಲ್ಲಗೆ?" ಅಂದೆ. "ಶಾಸ್ತ್ರ ಬುಡಕ್ಕಾದ್ದವ್ವ? ಹೆಣ್ಗ ಒಳ್ಳೇದಾಗ್ಲಿ ಅಂತ ಯೋಳ್ತಾವ್ನಿ, ಅದ್ಕ ಕೇಳುದ್ರ ಸಾಕು" ಅಂದ್ಲು.

ಇದಕ್ಕಿಂತ ನನ್ನ ಮನಸ್ಸಿಗೆ ಹತ್ತಿದ್ದು ಸಾವಿನ ಮನೆಯ ವಿಷಯ. ನಮ್ಮ ಕಡೆ ಹೆಂಗಸರು ಸತ್ತೋರ ಮುಂದೆ ಹಾಡಿಕೊಂಡು ಅಳ್ತಾರೆ. ಹೊರಗಿನೋರಿಗೆ ಅದು ಗಲಾಟೆ. ಕಿವಿ ಕೊಟ್ಟು ಕೇಳಿದ್ರೆ ಅದರಲ್ಲಿ ಸತ್ತೋರ ಇಡೀ ಬಾಳು ಇರ್ತದೆ. ನೀನು ನನಗೆ ಕೆಮ್ಮಾದಾಗ ಕಷಾಯ ಮಾಡಿಕೊಟ್ಟೆ, ನಿನ್ನ ಮಗ ಕೊಡಿಸಿದ ಸೀರೆ ಉಡದೇ ಇಟ್ಟೆ, ಹಿಂಗೆ. ಶಿಲೆಯ ಮೇಲೆ ಬರೆಸೋ ಭಾಗ್ಯ ಇಲ್ಲದೋರಿಗೆ ಅದೇ ಶಾಸನ. ನಮ್ಮತ್ತೆ ಹೋದಾಗ ಅವರ ವಾರಗಿತ್ತಿ, ಎಂಬತ್ತು ದಾಟಿದ ಮುದುಕಿ, ಹೊಸಿಲು ದಾಟ್ತಿದ್ದಂಗೇ ರಾಗ ಎತ್ತಿದರು. ಬೀಸೋ ಕಲ್ಲಿನಿಂದಲೇ ಶುರುಮಾಡಿದರು. ಇಬ್ಬರೂ ಎದುರುಬದುರು ಕುಂತು ಬೀಸಿದ್ದು, ಒಬ್ಬಳ ಕೈ ಸೋತರೆ ಇನ್ನೊಬ್ಬಳು ಎಳೆದದ್ದು. ಅಷ್ಟರಲ್ಲಿ ಓದಿದ ಹುಡುಗನೊಬ್ಬ ಬಂದು, "ಸುಮ್ನಿರಿ ಅಜ್ಜಿ, ಬಂದೋರ್ಗ ತೊಂದ್ರ ಆಯ್ತದ" ಅಂದು, ಮೂಲೆಯಲ್ಲಿದ್ದ ಸ್ಪೀಕರಿನಲ್ಲಿ ಭಜನೆ ಜೋರು ಮಾಡಿದ. ಅಜ್ಜಿ ಬಾಯಿಗೆ ಸೆರಗು ತುರುಕಿಕೊಂಡು ಕುಂತುಬಿಟ್ಟರು. ಅರವತ್ತು ವರ್ಷ ಒಂದೇ ಕಲ್ಲು ತಿರುಗಿಸಿದವಳಿಗೆ ಹೇಳೋದು ಬಾಕಿ ಇತ್ತು. ಆ ಬಾಕಿ ಹಂಗೇ ಉಳೀತು. ಆ ಅಜ್ಜಿಯೂ ಈಗಿಲ್ಲ. ಆ ಭಜನೆ ಯಾರು ಬೇಕಾದ್ರೂ ಯಾವಾಗ ಬೇಕಾದ್ರೂ ಕೇಳಬಹುದು, ಮೊಬೈಲಿನಲ್ಲೇ ಅದೆ.

ಅದೇ ಅಕ್ಕನ ಮಗಳಿಗೆ ಇದನ್ನೆಲ್ಲ ಹೇಳಿದೆ. "ಹಂಗಾದ್ರ ಡಿ.ಜೆ. ಬ್ಯಾಡ ಅಂತೀರಾ ಚಿಕ್ಕವ್ವ? ನಮ್ಗೂ ಕುಣೀಬೇಕು ಅನ್ನಿಸಾದಿಲ್ವ?" ಅಂದ್ಲು. ಕುಣೀಲಿ, ಕುಣಿಯೋ ವಯಸ್ಸು. ನಾನು ಕೇಳೋದು ಒಂದು ಗಂಟೆ ಹೊತ್ತು. ಅರಿಸಿನ ಹಚ್ಚೋವಾಗ ಪೆಟ್ಟಿಗೆ ಆರಿಸಿ, ಮುದುಕಿಯರನ್ನ ಮೂಲೆಯಿಂದ ಎಬ್ಬಿಸಿ ನಡುವೆ ಕೂರಿಸಿ, ಮೈಕು ಕೊಡಬೇಡಿ. ಮೈಕು ಕೊಟ್ಟ ಕೂಡ್ಲೇ ಮತ್ತೆ "ಗಂಟ್ಲಿಲ್ಲ" ಶುರುವಾಗ್ತದೆ. ಹುಡುಗೀರು ಹಿಂದೆ ಸೊಲ್ಲು ಎತ್ತಲಿ, ತಪ್ಪಿದ್ರೆ ತಪ್ಪಲಿ. ತಗ್ಗಿ ಬಗ್ಗಿ ನಡಿ ಅನ್ನೋ ಪದ ಬೇಡ ಅನ್ನಿಸಿದ್ರೆ ಬಿಡಿ, ಬೀಗಿತ್ತಿಯನ್ನ ಹಂಗಿಸೋದು ಇಟ್ಟುಕೊಳ್ಳಿ, ಸೀರೆ ಬದಲಿಗೆ ಕಾರು ಸೇರಿಸಿ ಕಟ್ಟಿ. ಹಳೇ ಕಾಲದೋರೂ ಹಂಗೇ ಕಟ್ಟಿದ್ದು, ಆಕಾಶದಿಂದ ಬಿದ್ದದ್ದಲ್ಲ. ಇನ್ನು ಸಾವಿನ ಮನೆಯಲ್ಲಿ ಅಳ್ತಿರೋಳನ್ನ ಮಾತ್ರ ದಯಮಾಡಿ ಯಾರೂ ಸುಮ್ಮನಿರಿಸಬೇಡಿ.

ಅವಳ ಮದುವೆ ಬರೋ ವೈಶಾಖಕ್ಕೆ ಗೊತ್ತಾಗಿದೆ, ಹನೂರಿನಲ್ಲೇ. ಗಂಡಿನ ಕಡೆಯೋರು ಬೆಂಗಳೂರಿನೋರು. ಬೀಗಿತ್ತಿ ನೋಡೋಕೆ ಲಕ್ಷಣವಾಗಿದ್ದಾರೆ, ಮಾತು ವಸಿ ಜಾಸ್ತಿ. ಪೆಟ್ಟಿಗೆಯೋನಿಗೆ ರಾತ್ರಿ ಒಂಬತ್ತರ ಮೇಲೆ ಬಾ ಅಂತ ನಾನೇ ಫೋನು ಮಾಡಿ ಹೇಳಿದ್ದೀನಿ. ಬೀಗಿತ್ತಿ ಮೇಲೆ ಎರಡು ಸಾಲು ಆಗಲೇ ಕಟ್ಟಿದ್ದೂ ಆಗಿದೆ, ಮೂರನೇದಕ್ಕೆ ಅವರ ನಾಯಿ ಹೆಸರೇನು ಅಂತ ಕೇಳಿ ತಿಳ್ಕೋಬೇಕು.